ಒಳಗೆ ಬರಲೇ ಎಂದು ಕೇಳುತ್ತಿದ್ದವರು

ಅದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಮದುವೆಯಾಗಿ ಮಸ್ಕತ್ತಿಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ದೂರಶಿಕ್ಷಣದ ಪುಸ್ತಕಗಳನ್ನು ಕಂಡು ಅವರು ನಕ್ಕಿದ್ದರು. "ನಮ್ಮ ಕುಟುಂಬದಲ್ಲಿ ಗಂಡುಮಕ್ಕಳೇ ಪಿಯುಸಿ ದಾಟ್ಲಿಲ್ಲ. ನೀನು ಅಲ್ಲಿ ಗಂಡನಿಗೆ ಮೀನು ಹುರಿದುಕೊಂಡು ಡಿಗ್ರಿ ಮಾಡ್ತೀಯಾ? ಆಗುದಿಲ್ಲ ಮಗಾ, ಸುಮ್ಮನೆ ಪುಸ್ತಕದ ಭಾರ." ಅಮ್ಮ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದಳು. ಮಾವ ಕೆಟ್ಟವರಲ್ಲ. ಅವರು ಕಂಡ ಲೋಕದಲ್ಲಿ ಅಂಥದ್ದು ಆಗಿರಲಿಲ್ಲ, ಅಷ್ಟೇ.

ಆಯಿತು. ನಾನು ಬಿಸಿಎ ಪದವೀಧರೆ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಅಜ್ಜ ಅಪ್ಪ ಓದಿದವರಿಗೆ ಪದವಿ ಮನೆಯ ಪಾತ್ರೆಯ ಹಾಗೆ, ನಮ್ಮಂಥವರಿಗೆ ಹಾಗಲ್ಲ. ಅದು ಆಗಲು ಕಾರಣರಾದವರಲ್ಲಿ ಒಬ್ಬರು ಕಳೆದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರು ಬಹಳ ಬಿಗಿ. ಯಾಕೆಂದು ಹೇಳುತ್ತೇನೆ.

ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜುಗಳ ಸಾಲು ಮುಗಿದಲ್ಲಿ ನಮ್ಮ ಕಂಪೆನಿಯ ಆಫೀಸು. ಎಣ್ಣೆ ಬಾವಿಗಳಿಗೂ ಬಂದರುಗಳಿಗೂ ಪಂಪು, ಜನರೇಟರ್ ಬಾಡಿಗೆಗೆ ಕೊಡುವ ವ್ಯವಹಾರ. ಕೆಳಗೆ ವರ್ಕ್‌ಶಾಪು, ಮೇಲೆ ನಾವು. ನಾನು ರಿಸೆಪ್ಶನಿನಲ್ಲಿ ಕೂತು ಡೇಟಾ ಎಂಟ್ರಿ ಮಾಡುತ್ತಿದ್ದೆ. ನಾನು ಹೇಳುತ್ತಿರುವವರು ಇಡೀ ಕಂಪೆನಿಯ ಕಂಪ್ಯೂಟರುಗಳಿಗೆ ಒಬ್ಬರೇ ಇಂಜಿನಿಯರ್. ಬಾಗಲಕೋಟೆ ಕಡೆಯವರು, ಧಾರವಾಡದಲ್ಲಿ ಮನೆ ಕಟ್ಟಿಸಿದ್ದರು. ಇಂಜಿನಿಯರಿಂಗ್ ಓದಿದ್ದರು, ಅದನ್ನು ಬೇರೆಯವರು ಮರೆಯಲು ಬಿಡುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಜನರಲ್ ಮ್ಯಾನೇಜರ್ ಫೋನ್ ಮಾಡಿದರೂ ಎತ್ತುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಅಷ್ಟು ಶ್ರದ್ಧೆಯಿಂದ ತಿನ್ನುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ಯಾಂಟ್ರಿಯಲ್ಲಿ ನನ್ನ ಡಬ್ಬಿ ತೆರೆದುಕೊಂಡರೆ ಮಾತ್ರ ತಮ್ಮ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಳ್ಳುತ್ತಿದ್ದರು.

"ತಂಗೀ, ಮೊದಲ ನಿಮ್ಮ ಡಬ್ಬಿ ಲಾಗಾಫ್ ಮಾಡ್ರಿ."

"ಸರ್, ಇದು ಬಂಗುಡೆ. ಲಾಗಾಫ್ ಮಾಡಿದ್ರೂ ಸಂಜೆವರೆಗೆ ಇರ್ತದೆ."

"ಅದ ನನ್ನ ತಕರಾರು."

ಇಂಥ ಮಾತಿನಿಂದಲೇ ನಮ್ಮ ಪರಿಚಯ ಶುರುವಾದದ್ದು. ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಒಂದೊಂದೇ ಫ್ಲ್ಯಾಟು ಖಾಲಿಯಾಗುತ್ತಿತ್ತು. ಗುರುವಾರ ಸಂಜೆಯಾದರೆ ಯಾರದ್ದಾದರೂ ಬೀಳ್ಕೊಡುಗೆ, ಶುಕ್ರವಾರ ಅವರ ಸೋಫಾ, ವಾಷಿಂಗ್ ಮೆಷೀನ್ ಲಿಫ್ಟಿನಲ್ಲಿ ಇಳಿಯುವುದು. ಶಾಲೆಯ ಬಸ್ಸಿನಲ್ಲಿ ಮಕ್ಕಳಿಗೆ ಕಿಟಕಿಯ ಸೀಟಿಗಾಗಿ ಜಗಳ ಮಾಡುವ ಅಗತ್ಯವೇ ಇರಲಿಲ್ಲ. ನಮ್ಮ ಕಂಪೆನಿಯಲ್ಲಿ ಮೊದಲು ನಿಂತದ್ದು ಪ್ರಯಾಣದ ಖರ್ಚು. ಅದುವರೆಗೆ ಒಮಾನಿನ ಉತ್ತರ ತುದಿಯಲ್ಲಿದ್ದ ನಮ್ಮ ಖಸಬ್ ಡಿಪೋದಲ್ಲಿ ಒಂದು ಪ್ರಿಂಟರ್ ಕೈಕೊಟ್ಟರೂ ಅವರು ವಿಮಾನದಲ್ಲಿ ಹೋಗಿ ಬರುತ್ತಿದ್ದರು. ಇನ್ನು ಮೇಲೆ ಖಸಬ್ ಆಗಲಿ, ದಕ್ಷಿಣದ ದುಖ್ಮ್ ಆಗಲಿ, ಘಾಲಾದಲ್ಲಿ ಕೂತೇ ನೋಡಿಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಹಾಗೆ ಅವರು ದೂರದಿಂದಲೇ ಕಂಪ್ಯೂಟರ್ ನಡೆಸುವ ವ್ಯವಸ್ಥೆಯನ್ನು ಕಟ್ಟಿದರು. ನಾನು ಓದುತ್ತಿದ್ದೇನೆಂದು ತಿಳಿದಿದ್ದರಿಂದ ಬಿಡುವಿದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಆ ಸಾಫ್ಟ್‌ವೇರಿನಲ್ಲಿ ಆ ಕಡೆ ಕೂತವರ ಪರದೆಯ ಮೇಲೆ 'ಅನುಮತಿ ಕೊಡುವಿರಾ' ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಎಲ್ಲರೂ ಓದದೆ ಒತ್ತುತ್ತಾರೆ. ಇವರಿಗೆ ಅದು ಸಾಲದು. ಮೊದಲು ಫೋನ್ ಮಾಡಬೇಕು, ಸಲಾಂ ಹೇಳಬೇಕು, ಮನೆ ಮಂದಿಯ ಆರೋಗ್ಯ ಕೇಳಬೇಕು, ಆಮೇಲೆ, "ಒಳಗ ಬರಲೇನ್ರಿ?"

ಖಸಬಿನ ಸ್ಟೋರ್‌ಕೀಪರ್ ಹಮೀದ್ ಉಳ್ಳಾಲದವರು, ನನ್ನ ಬಾಯಲ್ಲಿ ಹಮೀದಾಕ. ಅವರಿಗೆ ಇದು ತಮಾಷೆ. ಸ್ಪೀಕರಿನಲ್ಲಿ ಅವರ ಧ್ವನಿ ಬರುತ್ತಿತ್ತು. "ಬನ್ನಿ ಸಾರ್, ಬನ್ನಿ. ಚಾ ಮಾಡ್ಲಾ? ನಿಮಗೆ ಖಸಬಿಗೆ ಬರ್ಲಿಕ್ಕೆ ನನ್ನ ಪರ್ಮಿಶನ್ ಎಂತಕ್ಕೆ? ಕಂಪೆನಿ ನಿಮ್ಮದೇ ಅಲ್ವಾ?"

"ಕಂಪನಿ ಕಫೀಲಂದು, ಮಾಲಕಂದು ಹಮೀದಣ್ಣ. ಖುರ್ಚಿ ನಿಮ್ದು. ನೀವು ಹೂಂ ಅನ್ರಿ."

"ಹೂಂ. ಯಲ್ಲಾ, ಬೇಗ ಮಾಡಿ, ದೋಣಿಯವರು ಕಾಯ್ತಿದ್ದಾರೆ."

ಕೆಲಸ ನಡೆಯುವಾಗ ಹಮೀದಾಕ ಎದ್ದು ಹೋಗುವ ಹಾಗಿಲ್ಲ. ಅವರ ಕುರ್ಚಿಯಲ್ಲಿ ಅವರು ಕೂತು ನೋಡುತ್ತಿರಬೇಕು. ಮಧ್ಯದಲ್ಲಿ ಪಾಸ್‌ವರ್ಡ್ ಕೇಳಿದರೆ ಅವರೇ ಒತ್ತಬೇಕು. ಆಗ ನಮ್ಮವರು ಏನು ಮಾಡುತ್ತಿದ್ದರು ಎಂದರೆ, ತಮ್ಮ ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆ ನೋಡುತ್ತಿದ್ದರು. ಹಮೀದಾಕ ಇದ್ದದ್ದು ಮುಸಂದಮ್ ಬೆಟ್ಟಗಳ ಆಚೆ. ನಮ್ಮ ಪರದೆಯಲ್ಲಿ ಕಾಣುತ್ತಿದ್ದದ್ದು ಬರೀ ಕಪ್ಪು ಚುಕ್ಕಿ. ನಾನು ನಕ್ಕೆ.

"ಸರ್, ಎಂತ ಕಾಣ್ತದೆ ಇದರಲ್ಲಿ? ಚುಕ್ಕಿ ಅಲ್ವಾ?"

"ಚುಕ್ಕೀನೂ ಎಣಿಸಬಾರ್ದ್ರಿ. ಎಷ್ಟು ಉದ್ದ ಅದ ಅಂತ ಗೊತ್ತಾದ್ರ ಅರ್ಧ ಗೊತ್ತಾದಂಗ. ನೀವೂ ತಿರಗ್ರಿ."

ನಾನೂ ತಿರುಗಿದೆ. ಇಬ್ಬರೂ ಗೋಡೆ ನೋಡುತ್ತ ಕೂತದ್ದನ್ನು ಕಂಡು ಟೀ ತಂದ ಹುಡುಗ ಬಾಗಿಲಲ್ಲೇ ನಿಂತುಬಿಟ್ಟ.

ಪುಸ್ತಕದಲ್ಲಿ ನಾಲ್ಕು ಸಲ ಓದಿಯೂ ತಲೆಗೆ ಹತ್ತದ್ದನ್ನು ಅವರು ರೊಟ್ಟಿ ಮುರಿಯುತ್ತ ಹೇಳಿಬಿಡುತ್ತಿದ್ದರು. "ಖಸಬಿನ ಕಂಪ್ಯೂಟರ್ ಇಲ್ಲಿಗೆ ಬರೂದಿಲ್ರಿ. ಅದರ ಪಟ ಬರ್ತದ. ನಾ ಇಲ್ಲೆ ಮೌಸ್ ಸರಿಸಿದ್ರ ಸರಿಸೇನಿ ಅನ್ನೂ ಸುದ್ದಿ ಅಲ್ಲಿಗೆ ಹೋಗ್ತದ. ಕೆಲಸಾ ಆಗೂದು ಅಲ್ಲೇ. ಆದ ಮ್ಯಾಲೆ ಹೊಸಾ ಪಟ."

"ದಾರಿಯಲ್ಲಿ ಯಾರಾದ್ರೂ ಆ ಪಟ ನೋಡಿದ್ರೆ?"

"ಪೆಟ್ಟಿಗಿ ನೋಡಬಹುದು, ಒಳಗಿಂದು ಕಾಣೂದಿಲ್ಲ. ಎರಡೂ ಕಡೆಯವರು ಶುರುವಿಗೆ ಕೂಡಿ ಒಂದು ಕೀಲಿ ಮಾಡ್ಕೋತಾರ. ಆ ಭೇಟಿ ಮುಗೀತು, ಆ ಕೀಲೀನೂ ಮುಗೀತು. ನಾಳೆ ಬ್ಯಾರೆ." ಒಂದು ತುತ್ತು ತಿಂದು ಮತ್ತೆ ಹೇಳಿದರು. "ಆದ್ರ ಪೆಟ್ಟಿಗಿ ಗಟ್ಟಿ ಇದ್ರ ಸಾಲದು ತಂಗಿ. ತಪ್ಪು ಮನಿಗೆ ಗಟ್ಟಿ ಪೆಟ್ಟಿಗಿ ಕಳಿಸಿದ್ರ ಏನ್ ಬಂತು? ಆ ಕಡೆ ಇರೂದು ನಮಗ ಬೇಕಾದವರ ಹೌದೋ ಅಲ್ಲೋ, ಅದನ್ನ ಮೊದಲ ನೋಡಬೇಕು."

ಕಂಪ್ಯೂಟರಿಗೂ ಬೆರಳಚ್ಚು ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅಂಕಿ ಅಕ್ಷರ ಸೇರಿದ ಉದ್ದನೆಯ ಸಾಲು ಅದು. ಮೊದಲ ಸಲ ಜೋಡಿಸುವಾಗ ಅದನ್ನು ಒಪ್ಪಿಕೊಂಡರೆ ನಮ್ಮ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಬೆರಳಚ್ಚು ಬೇರೆಯಾಗಿ ಕಂಡರೆ, ಈ ಯಂತ್ರದ ಗುರುತು ಖಚಿತವಿಲ್ಲ, ಆದರೂ ಮುಂದುವರಿಯಲೇ ಎಂದು ಕೇಳುತ್ತದೆ. ಕೆಳಗೆ ಯೆಸ್, ನೋ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಓದದೆ ಒತ್ತಿದ ಯೆಸ್ ಅದೇ ಇರಬೇಕು ಎಂದು ಅವರು ಗೊಣಗುತ್ತಿದ್ದರು.

ಅವರ ಇನ್ನೊಂದು ಜಗಳ ಕಿಟಕಿ ಮುಚ್ಚುವವರ ಮೇಲೆ. ಡಿಪೋದವರು ಘಾಲಾದ ಸರ್ವರಿಗೆ ಬಂದು ಕೆಲಸ ಮಾಡಿ, ಮುಗಿದ ಮೇಲೆ ಮೂಲೆಯ ಗುರುತು ಒತ್ತಿ ಪರದೆ ಮುಚ್ಚಿ ಮನೆಗೆ ಹೋಗುತ್ತಿದ್ದರು. ಹಾಗೆ ಮಾಡಿದರೆ ಪಟ ಬರುವುದು ನಿಲ್ಲುತ್ತದೆಯೇ ಹೊರತು ಆ ಕಡೆ ಅವರ ಹೆಸರಿನಲ್ಲಿ ಎಲ್ಲವೂ ತೆರೆದೇ ಇರುತ್ತದೆ. "ಕಿಟಕಿ ಪರದೆ ಎಳದ್ರಿ. ಮನಿಯಿಂದ ಹೊರಗ ಬಂದ್ರೇನು? ನೀವು ಇನ್ನೂ ಒಳಗ ಇದ್ದೀರಿ ಅಂತ ಸರ್ವರ್ ತಿಳಕೊಂಡು ಕೂತದ." ಸಂಜೆ ಹೊರಡುವ ಮುನ್ನ ಹಾಗೆ ಉಳಿದವರಿಗೆಲ್ಲ ಫೋನ್ ಮಾಡಿ ಲಾಗಾಫ್ ಮಾಡಿಸುತ್ತಿದ್ದರು. ತಾವೇ ಮುಚ್ಚಬಹುದಿತ್ತು. ಮುಚ್ಚುತ್ತಿರಲಿಲ್ಲ. ಜನ ಬೈದುಕೊಳ್ಳುತ್ತಿದ್ದರು.

ಇನ್ನು ಹೆಸರಿನ ವಿಷಯ. ಗಲ್ಫಿನಲ್ಲಿ ರಜೆಯ ಮೇಲೆ ಊರಿಗೆ ಹೋಗುವಾಗ ಫ್ಲ್ಯಾಟಿನ ಕೀಲಿಯನ್ನು ಪಕ್ಕದವರಿಗೆ ಕೊಟ್ಟು ಹೋಗುವುದು ವಾಡಿಕೆ. ಗಿಡಕ್ಕೆ ನೀರು ಹಾಕಬೇಕು, ಬ್ಯಾಟರಿ ಇಳಿಯದ ಹಾಗೆ ಕಾರನ್ನು ಆಗಾಗ ಸ್ಟಾರ್ಟ್ ಮಾಡಬೇಕು. ನಾವೆಲ್ಲ ಒಬ್ಬರ ಮನೆಯನ್ನು ಇನ್ನೊಬ್ಬರು ಹೀಗೆ ಕಾದವರೇ. ಅದೇ ಅಭ್ಯಾಸ ಆಫೀಸಿಗೂ ಬಂದಿತ್ತು. ಅಕೌಂಟ್ಸಿನ ಫ್ರಾನ್ಸಿಸ್ ರಜೆಯ ಮೇಲೆ ಮಂಗಳೂರಿಗೆ ಹೊರಟ ದಿನ ನನ್ನ ಮೇಜಿನ ಮೇಲೆ ತಮ್ಮ ಮನೆಯ ಕೀಲಿ ಇಟ್ಟು, "ತುಳಸಿ ಇಲ್ಲ ಮಾರಾಯ್ತಿ, ಒಂದು ಕರಿಬೇವಿನ ಗಿಡ ಉಂಟು, ಅದಕ್ಕೆ ನೀರು ಹಾಕು," ಎಂದರು. ಅದೇ ಉಸಿರಿಗೆ, "ನನ್ನ ಲಾಗಿನ್ ಪಾಸ್‌ವರ್ಡ್ ಹೇಳ್ತೇನೆ, ಯಾರಾದ್ರೂ ಬಿಲ್ ಕೇಳಿದ್ರೆ ತೆಗೆದು ಕೊಡು," ಎಂದರು. ನಾನು ಪೆನ್ನು ಹಿಡಿದಿದ್ದೆ.

ಹಿಂದಿನಿಂದ ಇಂಜಿನಿಯರರ ಧ್ವನಿ ಬಂತು. "ಫ್ರಾನ್ಸಿಸ್, ಕೀಲಿ ಕೊಡ್ರಿ. ಹೆಸರು ಕೊಡಬ್ಯಾಡ್ರಿ."

"ಎಂತ ಸರ್, ಅವಳು ನಮ್ಮವಳೇ ಅಲ್ವಾ?"

"ನಮ್ಮಾಕಿ ಅಂತನ ಹೇಳೂದು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಮಾಡಿದವರು ನೀವು ಅಂತ ಕಂಪ್ಯೂಟರ್ ಹೇಳ್ತದ. ನೀವು ಮಂಗಳೂರಾಗ ಊಟಾ ಮಾಡ್ಕೋತ ಕೂತಿರ್ತೀರಿ. ಅಕೀ ಇಲ್ಲೆ ಅಳ್ಕೋತ ಕೂಡ್ತಾಳ. ಇಬ್ಬರಿಗೂ ಯಾಕ ಬೇಕು?"

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಬಿಲ್ ತೆಗೆಯಲು ಮಾತ್ರ ಸಾಧ್ಯವಾಗುವಂಥ ಒಂದು ಖಾತೆಯನ್ನು ನನ್ನದೇ ಹೆಸರಿನಲ್ಲಿ ಅರ್ಧ ಗಂಟೆಯೊಳಗೆ ಮಾಡಿಕೊಟ್ಟರು. ಅವರ ಹಿಂದಿನ ಕಂಪೆನಿಯಲ್ಲಿ, ರಜೆಯಲ್ಲಿದ್ದ ಒಬ್ಬರ ಹೆಸರಿನಲ್ಲಿ ಯಾರೋ ಏನೋ ಮಾಡಿ, ಆ ಮನುಷ್ಯ ಊರಿನಿಂದ ವಾಪಸು ಬರಲಾಗದೆ ಹೋದದ್ದನ್ನು ಒಮ್ಮೆ ಮಾತ್ರ ಹೇಳಿದ್ದರು. ಏನು ಮಾಡಿದರು, ಯಾರು ಮಾಡಿದರು ಎಂದು ಕೇಳಿದರೆ, "ಅದ ಗೊತ್ತಾಗಲಿಲ್ಲಲ್ರಿ," ಎಂದರು.

ಇಷ್ಟರಲ್ಲಿ ನನ್ನ ಕೊರಳಿಗೇ ಬಂತು. ಆಡಳಿತ ವಿಭಾಗದ ಮ್ಯಾನೇಜರ್ ನನ್ನನ್ನು ಕರೆದು, ರಿಸೆಪ್ಶನ್ ಹುದ್ದೆ ಈ ವರ್ಷದ ಕೊನೆಗೆ ಖಲಾಸ್, ವೀಸಾ ನವೀಕರಣ ಇಲ್ಲ ಎಂದರು. ಸಿಸ್ಟಮ್ಸ್ ಸಹಾಯಕಿಯ ಹುದ್ದೆ ಒಂದಿದೆ, ಅದಕ್ಕೆ ಪದವಿ ಬೇಕು. ನನ್ನ ಗಂಡ ಕೆಲಸ ಮಾಡುತ್ತಿದ್ದ ಎಸಿ ವರ್ಕ್‌ಶಾಪಿನಲ್ಲಿ ಓವರ್‌ಟೈಮ್ ನಿಂತು ಸಂಬಳವೂ ಇಳಿದಿತ್ತು. ನಾನು ಮನೆಯಲ್ಲಿ ಕೂತರೆ ಇಬ್ಬರೂ ಊರಿಗೆ ಹೊರಡುವುದೇ. ಪದವಿಗೆ ನನಗೆ ಬಾಕಿ ಇದ್ದದ್ದು ಒಂದು ಪ್ರಾಜೆಕ್ಟ್. ಅದನ್ನು ಮಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷಕರ ಎದುರು ನಡೆಸಿ ತೋರಿಸಬೇಕು. ಆ ಸಲ ತಪ್ಪಿದರೆ ಇನ್ನೊಂದು ಅವಕಾಶ ಬರುವ ಹೊತ್ತಿಗೆ ವೀಸಾ ಮುಗಿದಿರುತ್ತದೆ.

ಇದನ್ನು ನಮ್ಮ ಇಂಜಿನಿಯರರಿಗೆ ಹೇಳಿದೆ. ಸ್ವಲ್ಪ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದರು. "ದೂರದಿಂದ ಕಂಪ್ಯೂಟರ್ ಜೋಡಿಸೂದನ್ನ ಪ್ರಾಜೆಕ್ಟ್ ಮಾಡ್ರಿ. ಮಂಗಳೂರಾಗ ಕೂತು ಮಸ್ಕತ್ತಿನ ಕಂಪ್ಯೂಟರ್ ನಡಿಸಿ ತೋರಸ್ರಿ."

"ಖಸಬಿನದ್ದು ತೋರಿಸ್ಲಾ ಸರ್?"

"ಕಂಪನೀದು ಕಂಪನೀಗೆ. ನಿಮ್ಮ ಪರೀಕ್ಷಾಕ್ಕ ಹಮೀದಣ್ಣನ ಖುರ್ಚಿ ಯಾಕ? ನಮ್ಮ ಮನ್ಯಾಗ ಎರಡು ಹಳೇವು ಅವ."

ಅವರ ಮನೆಯೂ ಅಲ್ ಗುಬ್ರಾದಲ್ಲೇ, ನಮ್ಮಿಂದ ಕಾರಿನಲ್ಲಿ ಐದು ನಿಮಿಷ. ಶುಕ್ರವಾರಗಳಲ್ಲಿ ನಾನೂ ನನ್ನ ಗಂಡನೂ ಹೋಗುತ್ತಿದ್ದೆವು. ಒಂದು ಕಂಪ್ಯೂಟರ್ ಹೆಬ್ಬಾಗಿಲು, ಇನ್ನೊಂದು ಒಳಗಿನ ಕೋಣೆ. ಬೀದಿಯಿಂದ ನೇರ ಕೋಣೆಗೆ ದಾರಿ ಇರಬಾರದು ಎಂಬುದು ಅವರ ಹಟ; ಹಾಗೆ ಇಟ್ಟರೆ ಗೊತ್ತಿಲ್ಲದವರು ಹಗಲೂ ರಾತ್ರಿ ಬಾಗಿಲು ಬಡಿಯುತ್ತಲೇ ಇರುತ್ತಾರಂತೆ. ಹೆಬ್ಬಾಗಿಲಲ್ಲಿ ಪಾಸ್‌ವರ್ಡ್ ಕೊಟ್ಟರೂ ಸಾಲದು, ಮೊಬೈಲಿನಲ್ಲಿ ಹುಟ್ಟಿ ಅರ್ಧ ನಿಮಿಷದಲ್ಲಿ ಸಾಯುವ ಅಂಕಿಯನ್ನೂ ಕೊಡಬೇಕು. ನಾನು ಮಾಡಿದ್ದನ್ನು ಅವರು ಕೆಡಿಸುತ್ತಿದ್ದರು, ನಾನು ಮತ್ತೆ ಮಾಡುತ್ತಿದ್ದೆ. ಅವರ ಮನೆಯವರು, ನಾನು ಅಕ್ಕ ಎನ್ನುತ್ತಿದ್ದೆ, ಅಡುಗೆಮನೆಯಿಂದಲೇ ನನ್ನ ಪರ ವಾದಿಸುತ್ತಿದ್ದರು. "ಪಾಪ, ಆ ಹುಡುಗಿಗೆ ಊಟಾ ಮಾಡಲಿಕ್ಕೆ ಬಿಡ್ರಿ. ಹಾಕಿದ ಬಾಗಲಾ ಎಷ್ಟ್ ಸಲಾ ತಗಸ್ತೀರಿ?"

ಪ್ರಾಜೆಕ್ಟ್ ಮುಗಿಯುತ್ತ ಬಂದಾಗ ಅವರ ಕೆಲಸ ಹೋಯಿತು. ಎಲ್ಲ ಡಿಪೋಗಳನ್ನೂ ಒಂದೇ ಕುರ್ಚಿಯಿಂದ ನೋಡಿಕೊಳ್ಳಬಹುದು ಎಂದ ಮೇಲೆ ಅಷ್ಟು ಸಂಬಳದ ಇಂಜಿನಿಯರ್ ಯಾಕೆ ಎಂದು ಮೇಲಿನವರು ಲೆಕ್ಕ ಹಾಕಿದ್ದರು. ಆ ಕುರ್ಚಿಗೆ ನನ್ನನ್ನೇ ಯೋಚಿಸಿದ್ದಾರೆಂದು ಗೊತ್ತಾದ ದಿನ ನನಗೆ ಅವರ ಎದುರು ಹೋಗಲು ಕಾಲು ಬರಲಿಲ್ಲ. ಅವರೇ ರಿಸೆಪ್ಶನಿಗೆ ಬಂದರು.

"ನಾ ಹೋಗೂದು ನಿಮ್ಮಿಂದಲ್ಲ ತಂಗಿ. ಎಣ್ಣಿ ರೇಟಿನಿಂದ. ಮಾರಿ ಸಣ್ಣದು ಮಾಡಬ್ಯಾಡ್ರಿ. ಮಂಗಳೂರಿಗೆ ಟಿಕೇಟ್ ತಗಸ್ರಿ."

ಪರೀಕ್ಷೆಗೆ ನಾನು ಊರಿಗೆ ಬಂದಾಗ ಅವರು ಮಸ್ಕತ್ತಿನ ಮನೆ ಖಾಲಿ ಮಾಡುತ್ತಿದ್ದರು. ಪರೀಕ್ಷಾ ಕೇಂದ್ರದ ಲ್ಯಾಬಿನಲ್ಲಿ ನನ್ನ ಸರದಿ ಊಟಕ್ಕೆ ಸ್ವಲ್ಪ ಮೊದಲು ಬಂತು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಬೆಳಗಿನಿಂದ ಕೂತು ದಣಿದಿದ್ದರು. ಹೆಬ್ಬಾಗಿಲು ತೆರೆಯಿತು. ಅಂಕಿ ಕೊಟ್ಟೆ, ಒಪ್ಪಿತು. ಒಳಗಿನ ಕೋಣೆಗೆ ಕೈ ಹಾಕಿದೆ. ಆಗ ಆ ಪ್ರಶ್ನೆ ಬಂತು. ಈ ಯಂತ್ರದ ಗುರುತು ಖಚಿತವಿಲ್ಲ, ಆದರೂ ಮುಂದುವರಿಯಲೇ?

ಎಂದೂ ಬಾರದ್ದು. ನೆನಪಿನಲ್ಲಿದ್ದ ಬೆರಳಚ್ಚು ಬೇರೆ, ಪರದೆಯ ಮೇಲಿದ್ದದ್ದು ಬೇರೆ.

"ಎಂತಾಯ್ತಮ್ಮಾ? ಯೆಸ್ ಒತ್ತಿ ಮುಂದೆ ಹೋಗಿ," ಎಂದರು ಕೇಂದ್ರದ ಮೇಷ್ಟ್ರು.

ಒತ್ತಬಹುದಿತ್ತು. ಒತ್ತಿದರೆ ನಡೆದೂಬಿಡುತ್ತಿತ್ತೇನೋ. ಪಾಸಾಗುತ್ತಿದ್ದೆ. ಆದರೆ ನನ್ನ ವರದಿಯ ಒಂದು ಇಡೀ ಅಧ್ಯಾಯ, ಇಲ್ಲಿ ಯೆಸ್ ಒತ್ತಬಾರದು ಎಂಬುದರ ಬಗ್ಗೆಯೇ ಇತ್ತು. "ಸರ್, ಒಂದು ಫೋನ್ ಮಾಡ್ಬೇಕು," ಎಂದೆ.

"ಪರೀಕ್ಷೆಯಲ್ಲಿ ಫೋನಾ?" ಹೊರಗಿನ ಪರೀಕ್ಷಕರು ಕನ್ನಡಕ ತೆಗೆದರು.

"ಆ ಕಡೆ ಇರುವುದು ನಮ್ಮ ಕಂಪ್ಯೂಟರೇ ಹೌದಾ ಅಂತ ಕೇಳ್ಲಿಕ್ಕೆ ಬೇರೆ ದಾರಿ ಇಲ್ಲ ಸರ್. ಈ ದಾರಿಯಲ್ಲೇ ಕೇಳಿದ್ರೆ ಮೋಸ ಮಾಡುವವನೂ ಹೌದು ಅಂತಲೇ ಹೇಳ್ತಾನೆ. ನಿಮ್ಮೆದುರೇ ಸ್ಪೀಕರ್ ಹಾಕ್ತೇನೆ."

ಅವರು ಒಲ್ಲದ ಮನಸ್ಸಿನಿಂದ ಕೈ ಬೀಸಿದರು. ಮಸ್ಕತ್ತಿನಲ್ಲಿದ್ದ ನಮ್ಮ ಸರ್ ಫೋನ್ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಆಮೇಲೆ ಅಕ್ಕನಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಬಂತವ್ವಾ ನಿನ್ನ ಫೋನು. ನಿನ್ನೆ ಆ ಕಂಪ್ಯೂಟರಿನ ಒಳಗಿಂದು ಏನೋ ಸುಟ್ಟಿತಂತ, ಅವರು ಎಲ್ಲಾ ಹೊಸದಾಗಿ ಹಾಕ್ಯಾರ, ಬೆರಳಚ್ಚೂ ಹೊಸದಂತ. ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾತು, ನಿಮ್ಮ ಊರಾಗ ಹತ್ತಲಿಲ್ಲ. ಇವತ್ತ ವೀಸಾ ಕ್ಯಾನ್ಸಲ್ ಅರ್ಜಿ ಕೊಡಲಿಕ್ಕೆ ಸರಕಾರಿ ಆಫೀಸಿಗೆ ಹೋಗ್ಯಾರ, ಒಳಗ ಫೋನ್ ಬಿಡೂದಿಲ್ಲಂತ."

"ಅಕ್ಕಾ, ಆ ಸ್ಕ್ರೀನಲ್ಲಿ..."

"ಗೊತ್ತದ. ಅಕಿ ಸುಮ್ಮನ ಯೆಸ್ ಒತ್ತೂದಿಲ್ಲ, ಫೋನ್ ಮಾಡೇ ಮಾಡ್ತಾಳ, ಮಾಡಿದ್ರ ಇದನ್ನ ಓದು ಅಂತ ಹೇಳಿ, ಸ್ಕ್ರೀನಿನ ಮ್ಯಾಲ ತಗದಿಟ್ಟು ಹೋಗ್ಯಾರ. ಮುಂಜಾನೆಯಿಂದ ನಾ ಇದರ ಮುಂದನ ಕೂತೀನಿ. ಟೇಬಲ್ ಮಾರೇವಲ್ಲ, ನೆಲದ ಮ್ಯಾಲ ಅದ. ತಡಿ, ಕಣ್ಣಿಗೆ ಚಾಳೀಸ ಹಾಕ್ಕೋತೀನಿ."

ಹಿಂದೆ ಯಾರೋ ಹಿಂದಿಯಲ್ಲಿ ಸೋಫಾ ಕೇಳುತ್ತಿದ್ದರು. "ಠಹರೋ ಭಾಯ್, ಪರೀಕ್ಷಾ ಹೈ," ಎಂದು ಅಕ್ಕ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಓದತೊಡಗಿದರು. ಫೋನಿನಲ್ಲಿ ಬಿ ಯಾವುದು ಡಿ ಯಾವುದು ತಿಳಿಯಲಿಲ್ಲ.

"ಬಿ ಅಂದ್ರ ಬದನೀಕಾಯಿದ್ದು. ಆಮ್ಯಾಲೆ ಏಳು. ಡಿ ಅಂದ್ರ ಡಬ್ಬಿದ್ದು. ಮತ್ತ ಬದನೀಕಾಯಿ."

ಲ್ಯಾಬಿನಲ್ಲಿ ಉಳಿದವರು ನಗು ತಡೆಯುತ್ತಿದ್ದರು. ನಾನು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಸರಿಸುತ್ತ ಹೋದೆ. ಯಾವಾಗಲೋ ಪರೀಕ್ಷಕರು ಎದ್ದು ಬಂದು ನನ್ನ ಹಿಂದೆ ನಿಂತು, ತಾವೂ ಹೋಲಿಸಿ ನೋಡುತ್ತಿದ್ದರು. ಕೊನೆಯ ಅಕ್ಷರದವರೆಗೂ ಕೂಡಿತು. ಆಗ ಯೆಸ್ ಒತ್ತಿದೆ. ಅಲ್ ಗುಬ್ರಾದ ಆ ಕೋಣೆಯ ಕಂಪ್ಯೂಟರ್ ಮಂಗಳೂರಿನ ಪರದೆಯಲ್ಲಿ ಕಂಡಿತು.

"ಒಳಗೆ ಬರ್ಲಾ ಅಕ್ಕಾ?" ಎಂದು ಕೇಳಿದೆ. ಬಾಯಿಗೆ ಬಂದುಬಿಟ್ಟಿತ್ತು.

"ಬಾ ಅವ್ವಾ, ಬಾ."

ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಕಿಟಕಿ ಮುಚ್ಚುವುದಕ್ಕೂ ಲಾಗಾಫಿಗೂ ವ್ಯತ್ಯಾಸ ಏನು ಎಂದು ಕೇಳಿದರು. ನಾನು ಮಾಡಿಯೇ ತೋರಿಸಿದೆ. "ಬಹಳ ಸಮಯ ತಗೊಂಡ್ರಿ," ಎಂದು ಗೊಣಗಿ ಅಂಕ ಬರೆದು ಊಟಕ್ಕೆ ಹೋದರು. ಪಾಸೋ ಅಲ್ಲವೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ.

ನಾನು ಮಸ್ಕತ್ತಿಗೆ ಮರಳಿದಾಗ ಆಫೀಸಿನಲ್ಲಿ ನಮ್ಮ ಇಂಜಿನಿಯರರ ಕೊನೆಯ ವಾರ. ಆಡಳಿತದ ಮ್ಯಾನೇಜರಿಗೆ ಒಂದು ಆಲೋಚನೆ ಬಂದಿತ್ತು. ಇವರ ಲಾಗಿನ್ ಹಾಗೆಯೇ ಇರಲಿ, ಊರಿನಲ್ಲಿ ಕೂತೇ ಆಗಾಗ ಒಳಗೆ ಬಂದು ನೋಡಿಕೊಳ್ಳಬಹುದಲ್ಲ, ಎಷ್ಟೆಂದರೂ ನಮ್ಮವರೇ. ಅವರು ಹಿಂದಿಯಲ್ಲಿ ಕೊಟ್ಟ ಉತ್ತರ ಇಷ್ಟೇ. ಏನಾದರೂ ಕೇಳಬೇಕಾದರೆ ಫೋನ್ ಮಾಡಿ, ತಿಳಿದದ್ದು ಹೇಳುತ್ತೇನೆ; ಕೆಲಸದಿಂದ ತೆಗೆದವನಿಗೆ ಬಾಗಿಲು ತೆರೆದಿಡುವ ಕಂಪೆನಿಯಲ್ಲಿ ನಾನು ಇಷ್ಟು ವರ್ಷ ಇದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ.

ಮಧ್ಯಾಹ್ನ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ತಾವು ಎದುರಿಗೆ ಕೂತರು. ಅವರ ಖಾತೆ ತೆಗೆಯುವ ಜಾಗಕ್ಕೆ ಬಂದೆ. ನನ್ನ ಪಾಸ್‌ವರ್ಡ್ ಕೇಳಿತು. ಅವರು ಕುರ್ಚಿ ತಿರುಗಿಸಿ ಗೋಡೆ ನೋಡಿದರು. ಒತ್ತಿದೆ. ಈ ಖಾತೆಯನ್ನು ನಿಜವಾಗಿ ತೆಗೆಯಬೇಕೇ ಎಂದು ಕೇಳಿತು. ನನ್ನ ಕೈ ಅಲ್ಲೇ ನಿಂತಿತು.

ಗೋಡೆ ನೋಡುತ್ತಲೇ ಹೇಳಿದರು. "ಒತ್ರಿ ತಂಗಿ. ನಾ ಇಲ್ಲದಾಗ ನನ್ನ ಹೆಸರು ಇಲ್ಲಿ ಓಡ್ಯಾಡಬಾರ್ದು."

ಒತ್ತಿದೆ. ಅವರು ಪಕ್ಕದ ಕಂಪ್ಯೂಟರಿಗೆ ಹೋಗಿ ತಮ್ಮ ಹೆಸರು ಹಾಕಿ ಒಳಗೆ ಹೋಗಲು ನೋಡಿದರು. ಬಿಡಲಿಲ್ಲ. ಇನ್ನೊಮ್ಮೆ ನೋಡಿದರು. ಬಿಡಲಿಲ್ಲ. "ಛಲೋ ಆತು," ಎಂದು ಎದ್ದು, ಜೇಬಿನ ಪೆನ್ನು ಸರಿ ಮಾಡಿಕೊಂಡು ಕೆಳಗೆ ವರ್ಕ್‌ಶಾಪಿನವರಿಗೆ ಹೇಳಿ ಬರಲು ಹೋದರು.

ಆಮೇಲಿನ ವರ್ಷಗಳಲ್ಲಿ ಅವರ ಕಣ್ಣು ಮಂದವಾಯಿತು. ಧಾರವಾಡದ ಮನೆಯ ಕಂಪ್ಯೂಟರಿನಲ್ಲಿ ಏನಾದರೂ ತೊಡಕಾದರೆ ನನಗೆ ಫೋನ್ ಮಾಡುತ್ತಿದ್ದರು. ನಾನು ಘಾಲಾದಿಂದ ಬಂದ ಮೇಲೆ ಮನೆಯಲ್ಲಿ ಕೂತು ಸರಿಮಾಡುತ್ತಿದ್ದೆ. ನಾನು ಕೇಳುವ ಮೊದಲೇ, "ಬರ್ರಿ, ನಾ ಇಲ್ಲೇ ಕೂತೀನಿ," ಎನ್ನುತ್ತಿದ್ದರು. ಕೆಲಸ ನಡೆಯುವಷ್ಟು ಹೊತ್ತೂ ಕೂತಿರುತ್ತಿದ್ದರು. ಪರದೆ ಎಷ್ಟು ಕಾಣುತ್ತಿತ್ತೋ ತಿಳಿಯದು. ಒಮ್ಮೆ ನಾನು ಅವಸರದಲ್ಲಿ ಮೂಲೆಯ ಗುರುತು ಒತ್ತಿ ಮುಚ್ಚಿದ್ದಕ್ಕೆ ವಾಪಸು ಕರೆಸಿ ಲಾಗಾಫ್ ಮಾಡಿಸಿದ್ದೂ ಉಂಟು.

ಪದವಿಯ ಮಾತನ್ನು ಅರ್ಧಕ್ಕೇ ಬಿಟ್ಟೆ. ಫಲಿತಾಂಶ ಬಂದಾಗ ಅವರು ಧಾರವಾಡ ಸೇರಿ ಆಗಿತ್ತು. ಫೋನ್ ಮಾಡಿ ಪಾಸಾದೆ ಎಂದೆ.

"ಕ್ಲಾಸ್ ಯಾವುದು?"

"ಸೆಕೆಂಡ್, ಸರ್."

"ಹಂ. ಇಂಜಿನಿಯರ್ ಹೇಳಿಕೊಟ್ಟದ್ದಕ್ಕ ಸೆಕೆಂಡ್ ಕ್ಲಾಸು." ಆಮೇಲೆ ಕೇಳಿದರು. "ನೌಕರಿ?"

"ಆಯ್ತು ಸರ್. ವೀಸಾಕ್ಕೂ ಕೊಟ್ಟಿದ್ದಾರೆ."

"ಬೇಸ್ ಆತು. ಸರ್ಟಿಫಿಕೇಟ್ ಯಾವಾಗ?"

"ಪೋಸ್ಟಲ್ಲಿ ಕಳಿಸ್ತಾರಂತೆ."

"ಪೋಸ್ಟಿನ್ಯಾಗ ಬ್ಯಾಡ್ರಿ. ರಜಾಕ್ಕ ಊರಿಗೆ ಹೋದಾಗ ನಿಮ್ಮ ತಾಯಿನ್ನ ಕರಕೊಂಡು ಹೋಗಿ ಕೈಯಾಗ ಇಸ್ಕೊರಿ. ಅವರ ಎದುರಿಗೆ ಆಗಬೇಕು ಅದು."

ಹಾಗೇ ಮಾಡಿದೆ. ಅಮ್ಮ ಆ ದಿನ ಬೀಡಿಯ ಮೊರ ಮುಟ್ಟಲಿಲ್ಲ. ಮದುವೆಗೆ ಉಡುವ ಸೀರೆ ಉಟ್ಟು ಎರಡು ಬಸ್ಸು ಬದಲಿಸಿ ಮಂಗಳೂರಿಗೆ ಬಂದಳು. ಬೆಳಗಿನ ಬಸ್ಸು, ಕಾಲಿಡಲು ಜಾಗವಿಲ್ಲ, ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದೆವು. ಪರೀಕ್ಷಾ ಕೇಂದ್ರದ ಕೌಂಟರಿನ ಗುಮಾಸ್ತ ನನ್ನ ಸಹಿ ತೆಗೆದುಕೊಂಡು, ದಪ್ಪ ಕಾಗದವನ್ನು ಕಿಂಡಿಯಿಂದ ಹೊರಗೆ ಚಾಚಿದ. ನಾನು ಇಸಿದುಕೊಂಡು ಅಮ್ಮನ ಕೈಗೆ ಕೊಟ್ಟೆ. ಸೆರಗಿಗೆ ಎರಡೂ ಕೈ ಒರೆಸಿಕೊಂಡು ಅಂಚಿನಲ್ಲಿ ಹಿಡಿದಳು. ಅವಳಿಗೆ ಇಂಗ್ಲಿಷ್ ಬಾರದು. ನನ್ನ ಹೆಸರು ಎಲ್ಲಿದೆ ಎಂದು ತೋರಿಸಿದೆ, ಮುದ್ರೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇದನ್ನು ಮಡಚ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು.

"ಮಡಚಬಾರದಮ್ಮ."

ಅಮ್ಮ ಅದನ್ನು ಎದೆಗೆ ಆನಿಸಿಕೊಂಡು ಹೊರಗೆ ಬಸ್‌ಸ್ಟ್ಯಾಂಡಿನ ಕಡೆ ನೋಡಿದಳು.

"ಹಾಗಾದ್ರೆ ಎಷ್ಟು ಬಸ್ಸು ಹೋದ್ರೂ ಹೋಗ್ಲಿ ಮಗಾ. ಇವತ್ತು ನಾವು ಕೂತ್ಕೊಂಡೇ ಹೋಗುದು."